ಬೇರೆ ಗ್ರಹದವರೂ ಪಕ್ಕದ ಹಲ್ಲೂ

"ಇನ್ನೂ ಸ್ವಲ್ಪ ಅಗಲ... ಹಾಂ, ಹಾಗೇ ಇರಲಿ. ಈಗ ನೀವೇ ಹೇಳಿ, ಇಷ್ಟು ದೊಡ್ಡ ಆಕಾಶದಲ್ಲಿ ಬುದ್ಧಿ ಇರೋ ಜೀವಿಗಳು ಅಂತ ನಾವೊಬ್ಬರೇ ಇರೋದಕ್ಕೆ ಸಾಧ್ಯಾನಾ?"

ಕುರ್ಚಿಯಲ್ಲಿ ಮಲಗಿದ್ದ ಬಟ್ಟೆ ಅಂಗಡಿಯ ಮಾಲೀಕನ ಬಾಯಲ್ಲಿ ಹತ್ತಿಯ ಉಂಡೆಗಳು, ಎಂಜಲು ಹೀರುವ ಕೊಳವೆ, ಒಂದು ಪುಟ್ಟ ಕನ್ನಡಿ, ಸಾಲದ್ದಕ್ಕೆ ಡಾಕ್ಟರ ಎರಡು ಬೆರಳು. ಅವನು "ಆಂ... ಆಂ..." ಎಂದ.

"ನೋಡಿದಿರಾ, ನೀವೂ ಒಪ್ತೀರಿ!" ಎಂದು ಹಲ್ಲಿನ ಡಾಕ್ಟರು ಖುಷಿಯಿಂದ ಡ್ರಿಲ್ಲಿನ ಪೆಡಲ್ ಒತ್ತಿದರು.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಚಿಕಿತ್ಸಾಲಯದಲ್ಲಿ ಡಾಕ್ಟರ ಮಾತಿಗೆ ಎದುರು ಹೇಳಿದವರು ಒಬ್ಬರೂ ಇರಲಿಲ್ಲ. ಹೇಳುವುದಾದರೂ ಹೇಗೆ? ಕುರ್ಚಿ ಹಿಂದಕ್ಕೆ ವಾಲುತ್ತಿದ್ದ ಹಾಗೆ ಕಣ್ಣಿಗೆ ಬೀಳುತ್ತಿದ್ದದ್ದು ಛಾವಣಿಗೆ ಅಂಟಿಸಿದ್ದ ನಕ್ಷತ್ರಗಳ ದೊಡ್ಡ ಚಿತ್ರ. ಬಾಯಿಗೆ ಕೊಳವೆ ಬೀಳುತ್ತಿದ್ದ ಹಾಗೆ ಉಪನ್ಯಾಸ ಶುರು. ನಕ್ಷತ್ರಗಳಿಗೆ ಲೆಕ್ಕವಿಲ್ಲ, ಅವುಗಳಲ್ಲಿ ಬಹಳಷ್ಟಕ್ಕೆ ನಮ್ಮ ಸೂರ್ಯನ ಹಾಗೆಯೇ ಒಂದೊಂದು ಸಂಸಾರ, ಆ ಸಂಸಾರಗಳಲ್ಲಿ ಎಲ್ಲೋ ಒಂದು ಕಡೆಯಾದರೂ ನೀರು, ನೀರಿದ್ದ ಕಡೆ ಜೀವ, ಜೀವವಿದ್ದ ಕಡೆ ಇವತ್ತಲ್ಲ ನಾಳೆ ಬುದ್ಧಿ. ಡಾಕ್ಟರ ಜೊತೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದ ನರ್ಸಮ್ಮನನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆಕೆಗೆ ಈ ಭಾಷಣ ಎಷ್ಟು ಬಾಯಿಪಾಠವಾಗಿತ್ತೆಂದರೆ, ಡಾಕ್ಟರು ನೀರಿನ ವಿಷಯಕ್ಕೆ ಬಂದಾಗ ಹಲ್ಲಿಗೆ ತುಂಬುವ ಸಿಮೆಂಟು ಕಲಸಲು ಶುರು ಮಾಡಿದರೆ ಬುದ್ಧಿ ಹುಟ್ಟುವ ಹೊತ್ತಿಗೆ ಅದು ಹದಕ್ಕೆ ಬರುತ್ತಿತ್ತು.

ಮನೆಯಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಹೆಂಡತಿ ಬದುಕಿದ್ದಾಗ ಇವರು ಗ್ರಹಗಳ ಮಾತೆತ್ತಿದರೆ ಸಾಕು, ಆಕೆಗೆ ನಿದ್ದೆ ಬಂದುಬಿಡುತ್ತಿತ್ತು. ಹಾಗೆ ನಿದ್ದೆ ಹೋದವಳ ಪಕ್ಕದಲ್ಲೇ ಕೂತು ಇವರು ಉಳಿದದ್ದನ್ನು ಹೇಳಿ ಮುಗಿಸುತ್ತಿದ್ದರು. ಆಕೆ ಹೋದ ಮೇಲೆ ಜೊತೆಗೆ ಬಂದಿದ್ದವರು ಅಕ್ಕ. ಅಕ್ಕನ ಬಾಯಲ್ಲಿದ್ದದ್ದು ಪೂರ್ತಿ ಕಟ್ಟಿಸಿದ ಹಲ್ಲು, ತಮ್ಮನೇ ಕಟ್ಟಿದ್ದು. ಅದನ್ನು ಕಟಕಟ ಅನ್ನಿಸುತ್ತ ಆಕೆ ಹೇಳುತ್ತಿದ್ದರು: "ಅಲ್ಲಿರೋರು ಹಾಗಿರಲಿ ಕಣೋ. ಕೆಳಗಿನ ಮನೆಗೆ ಹೊಸಬರು ಬಂದು ವರ್ಷ ಆಯ್ತು. ಅವರ ಜೊತೆ ಒಂದು ದಿನ ಮಾತಾಡಿದೀಯಾ?"

ಡಾಕ್ಟರು ಮಾತಾಡಿರಲಿಲ್ಲ. ಎದುರಿಗಿದ್ದವರು ಬಾಯಿ ಮುಚ್ಚಿಕೊಂಡಿದ್ದರೆ ಅವರಿಗೆ ಏನು ಮಾತಾಡಬೇಕೆಂದೇ ತೋಚುತ್ತಿರಲಿಲ್ಲ.

ಒಂದು ಗುರುವಾರ ಒಬ್ಬ ಹೆಂಗಸು ಬಂದರು. ವಯಸ್ಸು ಡಾಕ್ಟರದ್ದೇ ಇರಬಹುದು. ಒಂದು ಕೆನ್ನೆ ಚೆಂಡಿನಂತೆ ಊದಿತ್ತು, ಕಣ್ಣು ಮಾತ್ರ ಜಗಳಕ್ಕೆ ನಿಂತವರ ಹಾಗೆ ಚುರುಕಾಗಿತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ, ಈಗ ಮಾತಾಡಿದರೆ ದವಡೆಗೆ ಸಿಡಿಲು ಹೊಡೆದ ಹಾಗಾಗುತ್ತೆ ಎಂದಷ್ಟೇ ಹೇಳಿ ಕುರ್ಚಿ ಹತ್ತಿದರು. ದವಡೆ ಹಲ್ಲಿನ ಬೇರಿನವರೆಗೂ ಹುಳುಕು ಇಳಿದಿತ್ತು. ರೂಟ್ ಕೆನಾಲ್ ಮಾಡಬೇಕು, ಕೆಲವು ವಾರ ಬರಬೇಕಾಗುತ್ತೆ ಎಂದರು ಡಾಕ್ಟರು. ಮರಗಟ್ಟಿಸುವ ಸೂಜಿ ಕೊಟ್ಟು, ಕೊಳವೆ ಇಟ್ಟು, ಎಂದಿನಂತೆ ಕೇಳಿದರು: "ಈಗ ನೀವೇ ಹೇಳಿ, ಇಷ್ಟು ದೊಡ್ಡ ಆಕಾಶದಲ್ಲಿ..."

ಆಕೆ ಕೈ ಎತ್ತಿದರು.

"ನೋವಾ?" ಡಾಕ್ಟರು ತಟ್ಟನೆ ಡ್ರಿಲ್ ನಿಲ್ಲಿಸಿದರು.

ಆಕೆ ಕೊಳವೆಯನ್ನು ತಾವೇ ತೆಗೆದಿಟ್ಟರು. ಎದ್ದು ಕೂತು ಬಾಯಿ ಮುಕ್ಕಳಿಸಿ ಉಗುಳಿ, ತುಟಿ ಒರೆಸಿಕೊಂಡು, ಅರ್ಧ ಮರಗಟ್ಟಿದ ನಾಲಿಗೆಯಲ್ಲೇ ಹೇಳಿದರು: "ನೋವಲ್ಲ. ಯಾರೂ ಇಲ್ಲ ಅಂದೆ."

"ಎಲ್ಲಿ?"

"ಅಲ್ಲಿ." ಬೆರಳು ಛಾವಣಿಯ ಕಡೆ ಹೋಯಿತು. "ಇದ್ದಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಕೇಳ್ತಿದ್ದರು. ನಾನು ಸ್ಟೇಷನ್ನಲ್ಲಿ ವಿಚಾರಣೆ ಕೌಂಟರಿನಲ್ಲಿ ಕೂತಿರೋಳು ಡಾಕ್ಟ್ರೇ. ಬೋರ್ಡಲ್ಲಿ ಬರೆದಿರೋದನ್ನೂ ಕೇಳ್ತಾರೆ, ಮೈಕಲ್ಲಿ ಕೂಗಿ ಹೇಳಿದ್ದನ್ನೂ ಕೇಳ್ತಾರೆ, ಎದುರಿಗೆ ನಿಂತಿರೋ ರೈಲನ್ನೇ ತೋರಿಸಿ ಇದು ಬಂತಾ ಅಂತ ಕೇಳ್ತಾರೆ. ಬುದ್ಧಿ ಇರೋ ಜೀವ ಅಂದ್ರೆ ಅದು ಸುಮ್ಮನಿರೋ ಜಾತಿ ಅಲ್ಲ."

ಇಷ್ಟು ಹೇಳಿ ಆಕೆ ಮತ್ತೆ ಒರಗಿ, ತಾವಾಗಿಯೇ ಬಾಯಿ ತೆರೆದರು. ಡಾಕ್ಟರು ಡ್ರಿಲ್ ಹಿಡಿದುಕೊಂಡು ಹಾಗೇ ನಿಂತಿದ್ದರು. ಈಗ ಕುರ್ಚಿಯ ಎರಡೂ ಕಡೆ ಬಾಯಿ ತೆರೆದೇ ಇತ್ತು. ಮುಖಗವಸಿನ ಹಿಂದೆ ಸಿಸ್ಟರು ನಗುತ್ತಿದ್ದದ್ದು ಅವರ ಭುಜದಲ್ಲಿ ಕಾಣುತ್ತಿತ್ತು.

"ದೂರ, ಮೇಡಂ," ಎಂದರು ಡಾಕ್ಟರು ಕೊನೆಗೆ. "ದೂರ ಇದೆ, ಅದಕ್ಕೇ ಕೇಳ್ತಿಲ್ಲ. ಬೆಳಕೇ ಅಲ್ಲಿಂದ ಬರೋದಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ."

ಮತ್ತೆ ಕೈ ಮೇಲೆ ಹೋಯಿತು.

ಆ ವಾರವೆಲ್ಲ ಡಾಕ್ಟರು ಹೊಸ ಹುರುಪಿನಲ್ಲಿದ್ದರು. ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಪುಸ್ತಕಗಳು ಊಟದ ಮೇಜಿಗೆ ಇಳಿದವು. ಬಟ್ಟೆ ಅಂಗಡಿಯವನು "ಆಂ" ಎಂದರೆ ಮೊದಲಿನ ಹಾಗೆ ರುಚಿಸಲಿಲ್ಲ. ಅದು ಒಪ್ಪಿಗೆಯೋ ನೋವೋ ಎಂಬ ಅನುಮಾನ ಅವರಿಗೆ ಮೊದಲ ಸಲ ಬಂತು. ವಿಚಾರಿಸಿ ನೋಡಿದರೆ ಅದು ನೋವೇ ಆಗಿತ್ತು.

ಮುಂದಿನ ಗುರುವಾರದ ಹೊತ್ತಿಗೆ ಅವರು ಮನಸ್ಸಿನಲ್ಲೇ ಆಕೆಗೆ ವಿಚಾರಣೆ ಮೇಡಂ ಎಂದು ಹೆಸರಿಟ್ಟಾಗಿತ್ತು. ಆಕೆ ಕೂತ ತಕ್ಷಣ ಇವರು ಬಾಣ ಬಿಟ್ಟರು. ಈ ಭೂಮಿ ತಣ್ಣಗಾಗುತ್ತಿದ್ದ ಹಾಗೆ, ಹೆಚ್ಚು ಕಾಯಿಸದೆ ಜೀವ ಹುಟ್ಟಿಬಿಟ್ಟಿತು. ಇಲ್ಲಿ ಅಷ್ಟು ಸುಲಭವಾಗಿ ಹುಟ್ಟಿದ್ದು ಬೇರೆ ಕಡೆ ಯಾಕೆ ಹುಟ್ಟಬಾರದು?

ಕೈ ಎದ್ದಿತು. "ಬಾಯಿ ಮುಕ್ಕಳಿಸಿ," ಎಂದರು ಡಾಕ್ಟರು, ನ್ಯಾಯಾಧೀಶರು ಎದುರು ಪಕ್ಷದ ವಕೀಲರಿಗೆ ಅವಕಾಶ ಕೊಟ್ಟ ಗತ್ತಿನಲ್ಲಿ.

"ಕ್ರಿಮಿ ಇರಬಹುದು," ಎಂದರು ಆಕೆ. "ನನ್ನ ಹಲ್ಲಲ್ಲೇ ಇದ್ದಾವೆ, ಅಲ್ಲಿರಲ್ವಾ? ಆದರೆ ನೀವು ಹೇಳ್ತಿರೋದು ಬುದ್ಧಿ. ಈ ಭೂಮಿ ಮೇಲೆ ಎಷ್ಟು ಥರದ ಪ್ರಾಣಿ ಹುಟ್ಟಿಲ್ಲ ಹೇಳಿ. ಅವುಗಳಲ್ಲಿ ರೈಲು ಬಿಟ್ಟಿದ್ದು ಒಂದೇ. ಅದನ್ನೂ ಲೇಟಾಗಿ ಬಿಟ್ಟಿದೆ."

ಡಾಕ್ಟರು ಉತ್ತರ ಕೊಡುವ ಬದಲು ಡ್ರಿಲ್ ಶುರು ಮಾಡಿದರು. ಅದು ಅನ್ಯಾಯವೆಂದು ಅವರಿಗೂ ಗೊತ್ತಿತ್ತು, ಆಕೆಯ ಕಣ್ಣಿಗೂ ಗೊತ್ತಿತ್ತು.

ಗುರುವಾರಗಳು ಉದ್ದವಾದವು. ಹಲ್ಲಿಗಿಂತ ಮುಕ್ಕಳಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯತೊಡಗಿತು. ಹೊರಗಿನ ಬೆಂಚಿನಲ್ಲಿ ಕೆನ್ನೆ ಹಿಡಿದುಕೊಂಡು ಕೂತವರಲ್ಲಿ ಒಬ್ಬ ಒಂದು ದಿನ ಬಾಗಿಲು ತಳ್ಳಿ ತಲೆ ಹಾಕಿದ. "ಡಾಕ್ಟ್ರೇ, ಅವರು ಇದ್ದಾರೋ ಇಲ್ಲವೋ ಬೇಗ ತೀರ್ಮಾನ ಮಾಡಿ. ಇಲ್ಲಿ ನಾನಂತೂ ಇನ್ನು ಸ್ವಲ್ಪ ಹೊತ್ತಿಗೆ ಇರಲ್ಲ." ಸಿಸ್ಟರು ಅವನನ್ನು ಹೊರಗೆ ದಬ್ಬಿ ಬಾಗಿಲು ಹಾಕಿದರು.

ಅದೇ ದಿನ ವಿಚಾರಣೆ ಮೇಡಂ ಮುಕ್ಕಳಿಸಿ ಉಗುಳಿ, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, ಸ್ವಲ್ಪ ನಿಧಾನವಾಗಿ ಕೇಳಿದರು: "ಆಯ್ತು, ಇದ್ದಾರೆ ಅಂತಲೇ ಇಟ್ಕೊಳ್ಳೋಣ. ನಾವು ಕೂಗಿದ್ದು ಅವರಿಗೆ ಮುಟ್ಟೋ ಹೊತ್ತಿಗೆ ನಾವಿರಲ್ಲ. ಅವರು ಓ ಅಂದಿದ್ದು ಇಲ್ಲಿಗೆ ಬರೋ ಹೊತ್ತಿಗೆ ಅವರೂ ಇರಲ್ಲ. ಹಾಗಿದ್ದ ಮೇಲೆ ಅವರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಲ್ವಾ?"

"ಒಂದೇ ಅಲ್ಲ," ಎಂದರು ಡಾಕ್ಟರು.

"ಹೇಗೆ?"

ಪುಟ್ಟ ಕನ್ನಡಿ ಡಾಕ್ಟರ ಕೈಯಲ್ಲಿತ್ತು. ಅದರಲ್ಲಿ ಛಾವಣಿಯ ಚಿತ್ರದ ಒಂದು ಮೂಲೆ ಅಲ್ಲಾಡುತ್ತಿತ್ತು. "ಒಂದೇ ಅಲ್ಲ ಮೇಡಂ," ಎಂದು ಇನ್ನೊಂದು ಸಲ ಹೇಳಿ, ತಲೆ ತಗ್ಗಿಸಿ ಕೆಲಸಕ್ಕೆ ಕೈ ಹಾಕಿದರು.

ಹೇಗಾದರೂ ಒಂದು ದಿನ ಹಲ್ಲು ವಾಸಿಯಾಗಲೇಬೇಕಲ್ಲ. ಬೇರು ಶುದ್ಧವಾಯಿತು, ತುಂಬಿದ್ದಾಯಿತು, ಮೇಲೆ ಕ್ಯಾಪೂ ಕೂತಿತು. ಆ ಗುರುವಾರ ಡಾಕ್ಟರು ಯಾವ ಗ್ರಹದ ಹೆಸರನ್ನೂ ಎತ್ತಲಿಲ್ಲ. ಕ್ಯಾಪು ಸರಿಯಾಗಿ ಕೂತಿದೆಯೇ ಎಂದು ನೋಡಲು ಕೊಟ್ಟ ಬಣ್ಣದ ಕಾಗದವನ್ನು ಆಕೆ ಕಚ್ಚಿ ತೋರಿಸಿದರು. ಗುರುತು ಸರಿಯಾಗಿ ಬಿದ್ದಿತ್ತು. ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಕೂತ ಕ್ಯಾಪನ್ನು ಡಾಕ್ಟರು ನೋಡಿರಲಿಲ್ಲ, ಕ್ಯಾಪೊಂದನ್ನು ನೋಡಿ ಇಷ್ಟು ಬೇಜಾರು ಪಟ್ಟುಕೊಂಡದ್ದೂ ಇರಲಿಲ್ಲ.

"ಮುಗೀತಾ?" ಎಂದರು ಆಕೆ, ಚೀಲ ತೆಗೆದುಕೊಳ್ಳುತ್ತ.

"ಮುಗೀತು," ಎಂದರು ಡಾಕ್ಟರು. ಆಮೇಲೆ ಅವರ ಬಾಯಿ ಅವರನ್ನು ಕೇಳದೆಯೇ ಮುಂದುವರಿಯಿತು. "ಆದರೆ ಅದರ ಪಕ್ಕದ ಹಲ್ಲಿನ ಮೇಲೆ ನನಗೆ ಸ್ವಲ್ಪ ಅನುಮಾನ. ಕೊರೆದು ನೋಡಬೇಕಾಗಬಹುದು. ಮುಂದಿನ ಗುರುವಾರ ಬನ್ನಿ."

ಸಿಸ್ಟರ ಕೈಯಿಂದ ಚಿಮಟ ತಟ್ಟೆಗೆ ಬಿದ್ದ ಸದ್ದಾಯಿತು. ವಿಚಾರಣೆ ಮೇಡಂ ಡಾಕ್ಟರ ಮುಖವನ್ನು ಒಂದು ಕ್ಷಣ ನೋಡಿ, "ಹೂಂ" ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಸಿಸ್ಟರು ಉಪಕರಣಗಳನ್ನು ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದರು: "ಯಾವ ಹಲ್ಲು ಡಾಕ್ಟ್ರೇ?"

"ಪಕ್ಕದ್ದು."

"ಯಾವ ಪಕ್ಕ?"

ಡಾಕ್ಟರು ಕೈಗವಸು ಬಿಚ್ಚುವುದರಲ್ಲಿ ಮಗ್ನರಾದರು. ಸಿಸ್ಟರು ನಲ್ಲಿ ನಿಲ್ಲಿಸಿದರು. "ಗ್ರಹ, ನಕ್ಷತ್ರ ಅಂತ ನೀವು ಏನು ಹೇಳಿದರೂ ಕೇಳಿಕೊಂಡು ಬಂದಿದೀನಿ. ಅದರಲ್ಲಿ ನಿಜ ಎಷ್ಟೋ ಸುಳ್ಳೆಷ್ಟೋ ನನಗೆ ಗೊತ್ತಾಗಲ್ಲ. ಹಲ್ಲು ಗೊತ್ತಾಗುತ್ತೆ." ಇಷ್ಟು ಹೇಳಿ ಮತ್ತೆ ನಲ್ಲಿ ಬಿಟ್ಟರು.

ಆ ವಾರ ಡಾಕ್ಟರಿಗೆ ಊಟಕ್ಕೆ ಕೂತಾಗಲೂ ಆ ಹಲ್ಲಿನದೇ ಯೋಚನೆ. ಒಳ್ಳೆಯ ಹಲ್ಲನ್ನು ಮುಟ್ಟುವವನಲ್ಲ ನಾನು, ಬರೀ ನೋಡಿ ಏನಿಲ್ಲ ಅಂತ ಹೇಳಿ ಕಳಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡರು. ಹಾಗೆ ಕಳಿಸಿದರೆ ಅದರ ಮುಂದಿನ ಗುರುವಾರಕ್ಕೆ ಏನು ಹೇಳುವುದು ಎಂಬ ಯೋಚನೆ ಅದರ ಹಿಂದೆಯೇ ಬಂತು. ಅದು ಬಂದದ್ದೇ ಅವರಿಗೆ ತಮ್ಮ ಕೈ ನೋಡಿಕೊಳ್ಳಲು ಹೆದರಿಕೆಯಾಯಿತು.

ಗುರುವಾರ ಬಂತು, ವಿಚಾರಣೆ ಮೇಡಂ ಬರಲಿಲ್ಲ. ಬಂದದ್ದು ಫೋನು. ಎದುರು ಬೀದಿಯಲ್ಲಿ ಗಾಜಿನ ಬಾಗಿಲಿನ ಹೊಸ ಆಸ್ಪತ್ರೆ ಇಟ್ಟಿದ್ದ ಇನ್ನೊಬ್ಬ ಹಲ್ಲಿನ ಡಾಕ್ಟರು, ಇವರ ಕಾಲೇಜಿನ ಸಹಪಾಠಿ, ಮಾಡಿದ್ದು.

"ಲೋ, ನಿನ್ನ ಪೇಷಂಟ್ ಒಬ್ಬರು ಬಂದಿದ್ದರು. ಪಕ್ಕದ ಹಲ್ಲಲ್ಲಿ ಏನೋ ಕಂಡಿದೆಯಂತೆ ನಿನಗೆ. ನಾನು ಎಕ್ಸ್‌ರೇ ತೆಗೆದೆ, ಕನ್ನಡಿ ಹಿಡಿದು ನೋಡಿದೆ, ಕುಟ್ಟಿಯೂ ನೋಡಿದೆ. ಕಲ್ಲು ಇದ್ದ ಹಾಗಿದೆ ಹಲ್ಲು. ನೀನು ಯಾವ ಗ್ರಹದಲ್ಲಿ ನೋಡಿದೆಯೋ ಆ ತೂತನ್ನ?" ಎಂದು ಸಹಪಾಠಿ ಗಹಗಹಿಸಿ ನಕ್ಕ.

ಡಾಕ್ಟರು ಫೋನಿಟ್ಟರು. ಕಿವಿ ಬಿಸಿಯಾಗಿತ್ತು. ಸಿಸ್ಟರು ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದರು. "ಹೋಗಿ ನಿಜ ಹೇಳಿ ಬನ್ನಿ ಡಾಕ್ಟ್ರೇ. ಇಲ್ಲಾಂದ್ರೆ ನಾಳೆಯಿಂದ ಸಿಮೆಂಟು ನೀವೇ ಕಲಸಿಕೊಳ್ಳಿ."

ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಅವರು ಸ್ಟೇಷನ್ನಿನ ದಾರಿ ಹಿಡಿದರು. ಸಂಜೆಯ ರೈಲುಗಳ ಹೊತ್ತು. ವಿಚಾರಣೆ ಕೌಂಟರಿನ ಮುಂದೆ ಹನುಮಂತನ ಬಾಲದಂಥ ಸಾಲು. ಇವರು ಕೊನೆಯಲ್ಲಿ ನಿಂತರು. ಕೋಟು ನೋಡಿ ಒಬ್ಬರು, "ಡಾಕ್ಟರು ಬಂದಿದ್ದಾರೆ, ದಾರಿ ಬಿಡಿ, ಯಾರಿಗೋ ಏನೋ ಆಗಿದೆ!" ಎಂದು ಕೂಗಿದ್ದೇ ಸಾಲು ಇಬ್ಭಾಗವಾಯಿತು. ಬೇಡ ಬೇಡ ಅನ್ನುತ್ತಿದ್ದರೂ ಕೈಯಿಂದ ಕೈಗೆ ದಾಟಿಸಿ ಅವರನ್ನು ಗಾಜಿನ ಮುಂದೆ ತಂದು ನಿಲ್ಲಿಸಿದರು.

ಗಾಜಿನ ಆಚೆ ವಿಚಾರಣೆ ಮೇಡಂ ಮೈಕಿನಲ್ಲಿ ಯಾವುದೋ ರೈಲು ತಡವಾಗಿ ಬರುತ್ತದೆಂದು ಹೇಳಿ ಮುಗಿಸುತ್ತಿದ್ದರು. ತಲೆ ಎತ್ತಿ ನೋಡಿದರು. ಸಿಟ್ಟಿಗೆ ಮೈಕಿನ ಗುಂಡಿ ಆರಿಸುವುದು ಮರೆತುಹೋಯಿತು.

"ಓಹೋ, ನೀವಾ? ನನ್ನ ಹಲ್ಲಲ್ಲಿ ಇಲ್ಲದ ತೂತು ಕಂಡೋರು!"

ಕಂಡೋರು, ಕಂಡೋರು ಎಂದು ಅಷ್ಟೂ ಪ್ಲಾಟ್‌ಫಾರಂಗಳಲ್ಲಿ ಮೊಳಗಿತು. ಹಮಾಲರು ಪೆಟ್ಟಿಗೆ ಹೊತ್ತುಕೊಂಡೇ ನಿಂತುಬಿಟ್ಟರು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೆನ್ನೆ ಮುಟ್ಟಿಕೊಂಡು, "ಅಯ್ಯೋ, ಇವರೇ ಅಲ್ವಾ! ನಂದೂ ಎರಡು ಕಿತ್ತಿದ್ದಾರೆ!" ಎಂದಳು.

"ಅವು ನಿಜವಾಗಲೂ ಹಾಳಾಗಿದ್ದವು ಅಜ್ಜಿ," ಎಂದು ಡಾಕ್ಟರು ಹಿಂದೆ ತಿರುಗಿ ಅಂಗಲಾಚಿದರು. ಆಮೇಲೆ ಗಾಜಿನ ತೂತಿಗೆ ಬಾಯಿಟ್ಟು, "ಮೇಡಂ, ನಿಮ್ಮ ಹಲ್ಲಲ್ಲಿ ಏನೂ ಇಲ್ಲ. ನಾನು ಸುಳ್ಳು ಹೇಳಿದೆ," ಎಂದರು.

"ಯಾಕೆ?" ಎಂದಿತು ಇಡೀ ಸ್ಟೇಷನ್ನು.

"ನೀವು ಮತ್ತೆ ಬರಲಿ ಅಂತ."

ಡಾಕ್ಟರ ಮುಂದೆ ಮೈಕಿರಲಿಲ್ಲ. ಆಕೆಯ ಪ್ರಶ್ನೆ ಎಲ್ಲರಿಗೂ ಕೇಳಿಸಿತ್ತು, ಇವರ ಉತ್ತರ ಪಕ್ಕದವನಿಗೆ ಮಾತ್ರ. ಸಾಲಿನಲ್ಲಿ "ಏನಂತೆ, ಏನಂತೆ?" ಶುರುವಾಯಿತು. "ಆಕೆ ಮತ್ತೆ ಬರಲಿ ಅಂತ ಅಂತೆ" ಎಂದು ಒಬ್ಬ ಹಿಂದಿನವನಿಗೆ ದಾಟಿಸಿದ. ಅದು ಕೊನೆಯವರೆಗೆ ಹೋಗುವಷ್ಟರಲ್ಲಿ "ಆಕೆಗೆ ಹಲ್ಲು ಮತ್ತೆ ಬರುತ್ತಂತೆ" ಎಂದಾಗಿ, ಅಲ್ಲಿ ನಿಂತಿದ್ದ ಕೆಲವು ವಯಸ್ಸಾದವರು ಆಸೆಯಿಂದ ಮುಂದೆ ನುಗ್ಗತೊಡಗಿದರು.

"ಬಂದು ಏನು ಮಾಡಬೇಕಿತ್ತು ನಾನು?"

"ಮಾತಾಡಬೇಕಿತ್ತು." ಡಾಕ್ಟರು ಹಣೆ ಒರೆಸಿಕೊಂಡರು. "ಇಷ್ಟು ವರ್ಷ ನಾನು ಮಾತಾಡ್ತಾನೇ ಇದ್ದೆ ಮೇಡಂ. ಇಲ್ಲ ಅನ್ನೋರು ಒಬ್ಬರೂ ಇರಲಿಲ್ಲ."

ಆಕೆಯ ಬಾಯಿ ಏನೋ ಹೇಳಲು ತೆರೆಯಿತು. ಅಷ್ಟರಲ್ಲಿ ಮೈಕಿನ ಕೆಂಪು ದೀಪ ಕಣ್ಣಿಗೆ ಬಿತ್ತು. ನಾಲಿಗೆ ಕಚ್ಚಿಕೊಂಡು ಗುಂಡಿ ಆರಿಸಿದರು. ಮೇಲಿನ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಕೆಮ್ಮಿ ಸುಮ್ಮನಾದವು.

"ಕ್ಯಾಪ್ ಕೂರಿಸಿದ ದಿನ ನೀವು ಬಾಯಿ ಮುಚ್ಕೊಂಡು ಕೆಲಸ ಮಾಡಿದಿರಲ್ಲ, ಆಗಲೇ ನನಗೆ ಅನುಮಾನ ಬಂತು," ಎಂದರು ಆಕೆ ತಗ್ಗಿದ ದನಿಯಲ್ಲಿ. "ಮೇಲೆ ನೋಡಿ ಡಾಕ್ಟ್ರೇ. ಬೋರ್ಡಲ್ಲಿ ಏನು ಬರೆದಿದೆ?"

"ವಿಚಾರಣೆ."

"ಮತ್ತೆ? ಇಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಬೆಳಗಿಂದ ಸಂಜೆವರೆಗೂ ಕೂತಿರ್ತೀನಿ. ಊರವರೆಲ್ಲ ಬಂದು ಕೇಳ್ತಾರೆ. ನಿಮಗೇನಾಗಿತ್ತು ಬಂದು ಕೇಳೋದಕ್ಕೆ? ಮಾತು ಬೇಕು ಅಂತ ನನ್ನ ಒಳ್ಳೇ ಹಲ್ಲನ್ನ ಕೊರೀತಿದ್ದಿರಾ?"

ಇಲ್ಲ ಎಂದು ಹೇಳಲು ಡಾಕ್ಟರು ಬಾಯಿ ತೆರೆದರು.

"ಗೊತ್ತಿಲ್ಲ," ಎಂದರು.

ವಿಚಾರಣೆ ಮೇಡಂ ಅವರನ್ನೇ ನೋಡಿದರು. "ಪಕ್ಕಕ್ಕೆ ನಿಂತ್ಕೊಳ್ಳಿ. ಹಿಂದಿನವರು ಬನ್ನಿ."

ಡಾಕ್ಟರು ಕಂಬದ ಪಕ್ಕ ನಿಂತರು. ಮನೆಗೆ ಹೋಗಬೇಕೋ ನಿಲ್ಲಬೇಕೋ ಆಕೆ ಹೇಳಿರಲಿಲ್ಲ, ಆದ್ದರಿಂದ ನಿಂತೇ ಇದ್ದರು. ಬಿಳಿ ಕೋಟಿನವರೆಂದು ಕೆಲವರು ಬಂದು ಬೆನ್ನು ನೋವು, ಮಂಡಿ ನೋವು ಹೇಳಿಕೊಂಡರು. ಒಬ್ಬಾತ ಗಂಟಲು ತೋರಿಸಲು ಬಾಯಿ ತೆರೆದ. ಡಾಕ್ಟರು ಅದರೊಳಗೆ ಇಣುಕಿದರೇ ಹೊರತು ಆಕಾಶದ ಬಗ್ಗೆ ಏನೂ ಕೇಳಲಿಲ್ಲ, "ಬೆಚ್ಚಗಿನ ನೀರು ಕುಡೀರಿ," ಎಂದು ಕಳಿಸಿದರು.

ಸಾಲು ಕರಗಿ, ಕೌಂಟರಿಗೆ ಬೇರೆಯವರು ಬಂದು ಕೂತ ಮೇಲೆ ಪಕ್ಕದ ಸಣ್ಣ ಬಾಗಿಲು ತೆರೆಯಿತು. ಚೀಲ ಹೆಗಲಿಗೆ ಹಾಕಿಕೊಂಡು ವಿಚಾರಣೆ ಮೇಡಂ ಹೊರಗೆ ಬಂದರು.

"ಇನ್ನೂ ಇದ್ದೀರಾ?"

"ಇದ್ದೀನಿ."

ಆಕೆ ಮುಂದೆ ನಡೆದರು, ಡಾಕ್ಟರು ಹಿಂದೆ. ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ಯಾರೂ ಕೂರದ ಒಂದು ಬೆಂಚಿತ್ತು. ದಾರಿಯಲ್ಲಿ ಆಕೆ ಕಾಗದದ ಲೋಟದಲ್ಲಿ ಎರಡು ಚಹಾ ಹಿಡಿದುಕೊಂಡು ಬಂದಿದ್ದರು. ಒಂದನ್ನು ಬೆಂಚಿನ ಮೇಲೆ ಇವರಿಬ್ಬರ ನಡುವೆ ಇಟ್ಟರು.

"ಒಂದು ಮಾತು ಹೇಳಿಬಿಡ್ತೀನಿ," ಎಂದರು. "ಹಲ್ಲಿಗೆ ಇನ್ನು ಮೇಲೆ ನಾನು ಆ ಗಾಜಿನ ಬಾಗಿಲಿನವರ ಹತ್ರಾನೇ ಹೋಗೋದು. ನಿಮ್ಮ ಕೈಗೆ ನನ್ನ ಬಾಯಿ ಮತ್ತೆ ಕೊಡಲ್ಲ."

"ಸರಿ," ಎಂದರು ಡಾಕ್ಟರು.

"ಮಾತಿಗಾದರೆ, ಗುರುವಾರ ನಂದು ಈ ಹೊತ್ತಿಗೆ ಮುಗಿಯುತ್ತೆ." ಆಕೆ ಚಹಾ ಗುಟುಕರಿಸಿದರು. "ಅವರು ಇಲ್ಲ ಅಂತ ಆಗಲೇ ಹೇಳಿದೀನಿ. ಅದರಲ್ಲಿ ಬದಲಾವಣೆ ಇಲ್ಲ."

"ಇದ್ದಾರೆ ಮೇಡಂ," ಎಂದರು ಡಾಕ್ಟರು ಮೆತ್ತಗೆ.

"ಇಲ್ಲ."

ಅಷ್ಟರಲ್ಲಿ ಎದುರಿನ ಹಳಿಗೆ ದೂರದೂರಿನ ಒಂದು ರೈಲು ನಿಧಾನವಾಗಿ ಬಂದು, ಸಿಗ್ನಲ್ ಸಿಗದೆ ನಿಂತಿತು. ಅದು ಇಲ್ಲಿ ನಿಲ್ಲಬೇಕಾದ ರೈಲಲ್ಲ. ಮುಚ್ಚಿದ ಕಿಟಕಿಯೊಂದರ ಹಿಂದೆ ಆಗಷ್ಟೇ ನಿದ್ದೆಯಿಂದೆದ್ದ ಒಬ್ಬ ಮನುಷ್ಯ ಕೂತಿದ್ದ, ಕೆದರಿದ ತಲೆ, ಕೊರಳಿಗೆ ಸುತ್ತಿದ ಟವೆಲ್ಲು. ಬೆಂಚಿನಲ್ಲಿ ಕೂತವರನ್ನು ಕಂಡು ಅವನು ಗಾಜಿಗೆ ಮುಖ ಹತ್ತಿಸಿ ಏನೋ ಕೇಳಿದ. ತುಟಿ ಅಲ್ಲಾಡಿದ್ದು ಕಂಡಿತು, ಸದ್ದು ಬರಲಿಲ್ಲ. ವಿಚಾರಣೆ ಮೇಡಂ ಅಭ್ಯಾಸಬಲದಿಂದ ಎದ್ದು ನಿಂತು ಊರಿನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದರು. ಅವನು ಕಿವಿಯ ಹತ್ತಿರ ಕೈ ಹಿಡಿದ. ಡಾಕ್ಟರೂ ತಮ್ಮ ಲೋಟ ಎತ್ತಿಕೊಂಡು ಎದ್ದರು. ಇಬ್ಬರೂ ಸೇರಿ ಇನ್ನೊಮ್ಮೆ ಕೂಗಿದರು.

ರೈಲು ಜಗ್ಗಿ ಹೊರಟಿತು. ಆ ಮನುಷ್ಯ ಏನು ತಿಳಿದುಕೊಂಡನೋ, ಜೋರಾಗಿ ತಲೆಯಾಡಿಸಿ ನಕ್ಕ. ಅವನ ಕಿಟಕಿ ತಿರುವಿನಲ್ಲಿ ಮರೆಯಾಗುವವರೆಗೂ ಆ ಇಬ್ಬರು ಲೋಟ ಹಿಡಿದ ಕೈಯನ್ನೇ ಮೇಲಕ್ಕೆತ್ತಿಕೊಂಡು ನಿಂತಿದ್ದರು.